ನರಕಾಸುರ ಬೆಳಗ್ಗೆ ಸತ್ತ, ಸಂಜೆ ಚಾಕ್ಲೇಟ್ ಕೇಳೋಕೆ ಹೊರಟ

ಈ ಸಲ ಅಮೆರಿಕದ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಕ್ಯಾಂಡಿ ಕೇಳೋಕೆ ಹೋಗೋ ಹ್ಯಾಲೋವೀನೂ ನಮ್ಮ ದೀಪಾವಳಿಯೂ ಒಂದೇ ದಿನ ಬಂದು ಕೂತವು. 2024ರ ಅಕ್ಟೋಬರ್ 31, ಗುರುವಾರ. ಬೆಳಗಿನ ಜಾವ ಎಣ್ಣೆ ಸ್ನಾನ, ಸಂಜೆ ಲಕ್ಷ್ಮಿ ಪೂಜೆ, ಆರತಿ ತಟ್ಟೆ ಕೆಳಗಿಟ್ಟ ಕೂಡಲೇ ಮಕ್ಕಳ ಮುಖಕ್ಕೆ ಬಣ್ಣ ಬಳಿದು ಬೀದಿಗೆ. ನಡುವೆ ಸ್ಕೂಲು, ಆಫೀಸು ಎಲ್ಲ ಇದ್ದದ್ದೇ, ಇಲ್ಲಿ ರಜೆ ಯಾರು ಕೊಡ್ತಾರೆ. ಮಾರನೇ ದಿನ ರಾಜ್ಯೋತ್ಸವ ಅಂತ ಗಂಡ ಹಳದಿ ಕೆಂಪು ಬಾವುಟ ಹುಡುಕಿ ಸೋಫಾದ ಮೇಲೆ ಹಾಕಿದ್ದ. ಅದನ್ನು ನೋಡಿದ ಮಗ "ಇದು ಯಾರ ಕಾಸ್ಟ್ಯೂಮು?" ಅಂತ ಕೇಳಿದ.

ನಾವಿರೋದು ಮಿಸೌರಿಯ ಸೇಂಟ್ ಲೂಯಿಸ್ ಪಕ್ಕದ ಬಾಲ್ವಿನ್‌ನಲ್ಲಿ. ಅಮೆರಿಕದ ಹ್ಯಾಲೋವೀನ್ ಬಗ್ಗೆ ಗೊತ್ತಿರೋರಿಗೂ ಈ ಊರಿನ ಹ್ಯಾಲೋವೀನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೇರೆ ಕಡೆ ಮಕ್ಕಳು ಬಾಗಿಲು ತಟ್ಟಿ "ಟ್ರಿಕ್ ಆರ್ ಟ್ರೀಟ್" ಅಂದರೆ ಕೆಲಸ ಮುಗಿಯಿತು, ಚೀಲದೊಳಗೆ ಕ್ಯಾಂಡಿ ಬೀಳುತ್ತೆ. ಇಲ್ಲಿ ಹಾಗಲ್ಲ. ಇಲ್ಲಿ ಮಗು ಒಂದು ಜೋಕ್ ಹೇಳಬೇಕು. ಮನೆಯವರು ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತು "ಎಲ್ಲಿ, ನಿನ್ನ ಜೋಕ್ ಹೇಳು ನೋಡೋಣ" ಅಂತಾರೆ, ಮಗು ಹೇಳುತ್ತೆ, ಅವರು ನಗುತ್ತಾರೆ, ಆಮೇಲೆ ಕ್ಯಾಂಡಿ. ನಾವು ಮುಂಚೆ ಟೆಕ್ಸಸ್‌ನಲ್ಲಿದ್ದಾಗ ಇಂಥದ್ದು ನೋಡಿರಲಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಈ ಹಬ್ಬದ ದಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಹಾಡೋ ಪದ್ಯವೋ ಜೋಕೋ ಒಪ್ಪಿಸಿ ತಿಂಡಿ ಇಸ್ಕೊಳ್ಳೋ ಪದ್ಧತಿ ಹಳೇದು. ಐಯೋವಾದ ಡೆ ಮೊಯ್ನ್‌ನಲ್ಲೂ ಜೋಕ್ ಹೇಳಿಸುತ್ತಾರೆ. ಅಲ್ಲಿ 1938ರಲ್ಲಿ ಹುಡುಗರ ಪುಂಡಾಟ ತಾಳಲಾರದೆ ಊರಿನವರೇ ಅಕ್ಟೋಬರ್ 30ರ ಸಂಜೆಯನ್ನು ಇದಕ್ಕೆ ಅಂತ ಗೊತ್ತುಮಾಡಿದರಂತೆ, ಸುಮ್ನೆ ಕಿಟಕಿ ಒಡೆಯೋ ಬದಲು ಏನಾದ್ರೂ ಒಪ್ಪಿಸಿ ತಗೊಂಡು ಹೋಗಿ ಅಂತ.

ನನಗೆ ಹ್ಯಾಲೋವೀನ್ ಇಷ್ಟ ಆಗಿದ್ದೇ ಈ ಊರಿಗೆ ಬಂದ ಮೇಲೆ. ದೆವ್ವ, ಜೇಡರ ಬಲೆ, ಪ್ಲಾಸ್ಟಿಕ್ ತಲೆಬುರುಡೆ ಇವೆಲ್ಲ ನನಗೆ ಅಷ್ಟಕ್ಕಷ್ಟೇ. ಆದರೆ ಜೋಕ್ ಹೇಳಬೇಕು ಅಂದರೆ ಎರಡು ನಿಮಿಷ ನಿಲ್ಲಬೇಕು, ಅಲ್ವಾ. ದೊಡ್ಡವರು ಚಿಕ್ಕವರ ಮುಖ ನೋಡಬೇಕು, ಚಿಕ್ಕವರು ಬಾಯಿ ಬಿಡಬೇಕು. ವರ್ಷವಿಡೀ ಕಾರಿನೊಳಗಿಂದ ಕೈ ಎತ್ತಿ ಮುಂದೆ ಹೋಗೋ ಅಕ್ಕಪಕ್ಕದವರ ಬಾಗಿಲು ಆ ಒಂದು ಸಂಜೆ ತೆಗೆದಿರುತ್ತೆ.

ಈ ಸಲ ಅತ್ತೆ ಬಂದಿದ್ದರು, ತೀರ್ಥಹಳ್ಳಿ ಕಡೆಯವರು. ಅವರಿಗೆ ಇದನ್ನೆಲ್ಲ ಹೇಗೆ ವಿವರಿಸೋದು ಅಂತ ನಾನು ಯೋಚನೆ ಮಾಡ್ತಾ ಇದ್ದರೆ ಅವರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. "ಅಂಟಿಕೆ ಪಂಟಿಕೆ ತರ ಅಲ್ಲನೇ? ಇದ್ರಲ್ಲಿ ಎಂತ ಹೊಸದು ಮಾರಾಯ್ತಿ?"

ಮಲೆನಾಡಿನ ಹೊರಗಿನವರಿಗೆ ಹೇಳ್ತೀನಿ (ನಾನೂ ಮೈಸೂರಿನವಳು, ಮದುವೆ ಆದ ಮೇಲೇ ನೋಡಿದ್ದು). ದೀಪಾವಳಿಯ ರಾತ್ರಿಗಳಲ್ಲಿ ಊರಿನ ಗಂಡಸರ ಒಂದು ಗುಂಪು ದೀಪ ಹಿಡಿದುಕೊಂಡು, ಅದು ಆರದ ಹಾಗೆ ಕಾಯ್ತಾ, ಮನೆಯಿಂದ ಮನೆಗೆ ಹಾಡ್ತಾ ಹೋಗುತ್ತಾರೆ. ಎಷ್ಟೊತ್ತಿಗಾದರೂ ಬರಬಹುದು, ಮಧ್ಯರಾತ್ರಿ ದಾಟಿದ ಮೇಲೂ. ಮನೆಯವರು ಎದ್ದು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸಬೇಕು. ಹಾಡಿಲ್ಲದೆ ಯಾರಿಗೂ ಏನೂ ಇಲ್ಲ. ಹಾಗಾಗಿ "ಜೋಕ್ ಹೇಳಿದ್ರೆ ಮಾತ್ರ ಚಾಕ್ಲೇಟ್" ಅನ್ನೋದು ಅತ್ತೆಗೆ ಚೆನ್ನಾಗಿ ಹಿಡಿಸಿತು. ಟೆಕ್ಸಸ್ ಪದ್ಧತಿಯ ಬಗ್ಗೆ ಹೇಳಿದಾಗ "ಸುಮ್ನೆ ಕೈ ಒಡ್ಡಿದ್ರೆ ಕೊಟ್ ಬಿಡದಾ? ಅದೆಂತ ಮರ್ಯಾದೆ" ಅಂದರು.

ಮೊದಲ ಗಲಾಟೆ ಕುಂಬಳಕಾಯಿಯದ್ದು. ನದಿ ಆಚೆ ಇಲಿನಾಯ್. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳಕಾಯಿ ಬೆಳೆಯೋ ರಾಜ್ಯ ಅದು. ಆ ಕಡೆಯ ಒಂದು ತೋಟಕ್ಕೆ ಹೋಗಿ ಎರಡು ದೊಡ್ಡವನ್ನು ಹೊತ್ತು ತಂದಿದ್ದೆವು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ದರಂತೆ, ಇಲ್ಲಿಗೆ ವಲಸೆ ಬಂದವರಿಗೆ ಕುಂಬಳಕಾಯಿ ಸಿಕ್ಕಿತು, ಕೊರೆಯೋದೂ ಸುಲಭ. ಮಗಳು ಮಾರ್ಕರ್‌ನಲ್ಲಿ ಕಣ್ಣು ಮೂಗು ಬರೆದು ಚಾಕು ಹಿಡಿಯೋಷ್ಟರಲ್ಲಿ ಅತ್ತೆ "ಹೇ, ನಿಲ್ಲು!" ಅಂದರು. ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಕತ್ತಿ ಹಾಕಬಾರದು. ಮೀಟಿಂಗ್‌ನಲ್ಲಿದ್ದ ಗಂಡ ಮ್ಯೂಟ್ ಮಾಡಿಕೊಂಡು ಮೇಲಿನಿಂದ ಇಳಿದು ಬಂದು, ಎರಡಕ್ಕೂ ಒಂದೊಂದು ಗೀಟು ಹಾಕಿ ವಾಪಸ್ ಹೋದ. ಮಗಳಿಗೆ ಸಿಟ್ಟು ಬಂತು. "ದಟ್ಸ್ ನಾಟ್ ಫೇರ್ ಅಜ್ಜಿ" ಅಂತ ಶುರು ಮಾಡಿದಳು, ನನಗೂ ಅವಳು ಹೇಳಿದ್ದೇ ಸರಿ ಅನ್ನಿಸಿತು, ಆದರೆ ಆಮೇಲಿನ ಕೊರೆಯೋ ಕೆಲಸ ಪೂರ್ತಿ ಅವಳದ್ದೇ ಆಗಿದ್ದರಿಂದ ವಾದ ಅಲ್ಲಿಗೇ ನಿಂತಿತು.

ಎರಡನೇ ಗಲಾಟೆ ಒಳಗಿನ ತಿರುಳು. ನಾವು ಅದನ್ನು ಕಸಕ್ಕೆ ಹಾಕ್ತೀವಿ ಅಂತ ಗೊತ್ತಾದಾಗ ಅತ್ತೆಗೆ ಸಂಕಟ ಆಗಿಹೋಯಿತು. ಅವರ ಊರಲ್ಲಿ ಅದು ಚೀನಿಕಾಯಿ, ಕಡುಬು ಮಾಡೋ ವಸ್ತು. ಒಳಗೆ ಕೈ ಹಾಕಿ ನೂಲುನೂಲಾದ್ದನ್ನು ಪಾತ್ರೆಗೆ ಎಳೆದುಕೊಂಡರು. ಆದರೆ ಈ ಕೊರೆಯೋ ಜಾತಿಯ ಕಾಯಿಗೆ ರುಚಿ ಇಲ್ಲ, ಬರೀ ನೀರು. ಬೆಲ್ಲ ಎಷ್ಟು ಹಾಕಿದರೂ ಕಡುಬು ಸಪ್ಪೆಯಾಯಿತು. "ನೋಡೋಕಷ್ಟೇ ಚಂದ" ಅಂತ ತೀರ್ಪು ಕೊಟ್ಟು ಬೀಜ ಮಾತ್ರ ತೊಳೆದು ಉಪ್ಪು ಖಾರ ಹಚ್ಚಿ ಹುರಿದರು. ಅದು ಮಾತ್ರ ಸೂಪರ್.

ಇನ್ನು ವೇಷ. ಹತ್ತು ವರ್ಷದ ಮಗಳು ಮಾಟಗಾತಿ. ಅಂಗಡಿಯ ಟೋಪಿ, ಹಳೇ ಕಪ್ಪು ದುಪಟ್ಟ, ಮನೆಯ ಪೊರಕೆ, ಖರ್ಚು ಕಡಿಮೆ. ಆರು ವರ್ಷದ ಮಗ ತಿಂಗಳಿಂದ ಯಾವುದೋ ಸೂಪರ್ ಹೀರೋ ಆಗ್ತೀನಿ ಅಂತ ಹಠ ಮಾಡ್ತಿದ್ದವನು, ಅಜ್ಜಿ ಮಲಗೋ ಹೊತ್ತಲ್ಲಿ ನರಕಾಸುರನ ಕಥೆ ಹೇಳಿದ ಮಾರನೇ ಬೆಳಗ್ಗೆ ಎದ್ದು "ನಾನು ನರಕಾಸುರ" ಅಂದ. ಕೃಷ್ಣ ಆಗೋ, ನವಿಲುಗರಿ ಇದೆ ಅಂದೆ. ಬೇಡವಂತೆ. ಹದಿನಾರು ಸಾವಿರ ಜನರನ್ನು ಸೆರೆ ಹಿಡಿದವನು ಜಾಸ್ತಿ ಪವರ್‌ಫುಲ್ ಅಂತೆ. ಸತ್ಯಭಾಮೆ ಕೈಲಿ ಸತ್ತಿದ್ದನ್ನು ನೆನಪಿಸಿದರೆ "ಐ ನೋ" ಅಂದ.

ನಾನು ಒಂದು ಕೊಂಬಿನ ಹೇರ್‌ಬ್ಯಾಂಡ್ ತಂದು ಮೀಸೆ ಬರೆದು ಮುಗಿಸೋಣ ಅಂತಿದ್ದೆ. ಅತ್ತೆ ಒಪ್ಪಲಿಲ್ಲ. ಚಿಕ್ಕಂದಿನಿಂದ ಯಕ್ಷಗಾನ ನೋಡಿದ ಜೀವ ಅದು. ರಾಕ್ಷಸ ಅಂದಮೇಲೆ ಬಣ್ಣದ ವೇಷ, ಬಣ್ಣದ ವೇಷ ಅಂದಮೇಲೆ ಮುಖಕ್ಕೆ ಚುಟ್ಟಿ. ಆಟದವರು ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮುಖದ ಮೇಲೆ ಬಿಳಿ ಮುಳ್ಳುಮುಳ್ಳಾಗಿ ಇಡ್ತಾರಲ್ಲ, ಅದು. ಮಗುವಿನ ಚರ್ಮಕ್ಕೆ ಸುಣ್ಣ ಬೇಡ ಅಂತ ಫೇಸ್ ಪೇಂಟ್ ಕೊಟ್ಟೆ. ಕಿವಿ ಚೊಕ್ಕ ಮಾಡೋ ಹತ್ತಿಕಡ್ಡಿ ಅದ್ದಿ ಅದ್ದಿ, ಹುಬ್ಬಿನ ಮೇಲೆ, ಕೆನ್ನೆಯ ಅಂಚಿಗೆ, ಗಲ್ಲದ ಸುತ್ತ ಒಂದೊಂದೇ ಬಿಳಿ ಚುಕ್ಕೆ ಇಡ್ತಾ ಹೋದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ತುಟಿ ಕಚ್ಚಿಕೊಂಡು. ಒಂದು ಕ್ಷಣ ಸುಮ್ಮನಿರದ ಹುಡುಗ ಅಷ್ಟೂ ಹೊತ್ತು ಕಣ್ಣು ಮುಚ್ಚಿ ಕದಲದೆ ಕೂತಿದ್ದ. ಕಿರೀಟಕ್ಕೆ ಅಮೆಜಾನ್ ಡಬ್ಬದ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಗಿಫ್ಟ್ ಪೇಪರ್, ಅಂಚಿಗೆ ನನ್ನ ಹಳೇ ರವಿಕೆಯ ಜರಿ. ಅದರ ಹಿಂದೆ ಗಂಡ ರಸ್ತೆ ಕೆಲಸದವರ ಜಾಕೆಟ್‌ನಲ್ಲಿ ಇರುತ್ತಲ್ಲ, ಬೆಳಕು ಬಿದ್ದರೆ ಹೊಳೆಯೋ ಪಟ್ಟಿ, ಅದನ್ನು ಅಂಟಿಸಿದ.

ಆ ಪಟ್ಟಿ ತಮಾಷೆಗಲ್ಲ. ಹ್ಯಾಲೋವೀನ್ ಅಂದರೆ ಜನ ಹೆದರೋದು ಕ್ಯಾಂಡಿಯಲ್ಲಿ ಬ್ಲೇಡು, ವಿಷ ಇಂಥದ್ದಕ್ಕೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದ್ದಾರೆ. ಗುರುತಿಲ್ಲದ ಮನೆಯವರು ಹೀಗೆ ಹಂಚಿದ ಕ್ಯಾಂಡಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ನಿಜವಾದ ಅಪಾಯ ಕಾರುಗಳದ್ದು. 1975ರಿಂದ 2016ರವರೆಗಿನ ಅಮೆರಿಕದ ಅಪಘಾತಗಳ ಲೆಕ್ಕ ಹಾಕಿದ ಸಂಶೋಧಕರ ಪ್ರಕಾರ, ಹ್ಯಾಲೋವೀನ್ ಸಂಜೆ ವಾಹನಕ್ಕೆ ಸಿಕ್ಕಿ ಪಾದಚಾರಿ ಸಾಯೋ ಅಪಾಯ ಅಕ್ಕಪಕ್ಕದ ವಾರಗಳ ಸಂಜೆಗಿಂತ ಶೇ. 43ರಷ್ಟು ಜಾಸ್ತಿ. ಕತ್ತಲು, ಕಪ್ಪು ಬಟ್ಟೆ, ಕಣ್ಣಿಗೆ ಅಡ್ಡ ಬರೋ ಮುಖವಾಡ, ಅಡ್ಡಾದಿಡ್ಡಿ ಓಡೋ ಮಕ್ಕಳು. ಆದರೂ ವಾಟ್ಸಾಪ್‌ನಲ್ಲಿ ಪ್ರತೀ ವರ್ಷ ಓಡಾಡೋದು ಬ್ಲೇಡಿನ ಕಥೆಯೇ.

ಮನೆ ಮುಂದಿನ ದೀಪದ ಸಮಸ್ಯೆ ಬೇರೆ. ದೀಪಾವಳಿಗೆ ಮೆಟ್ಟಿಲಿನ ಮೇಲೆ ಹಣತೆ ಇಡಬೇಕು. ಅದೇ ಮೆಟ್ಟಿಲ ಮೇಲೆ ನೆಲಕ್ಕೆ ಎಳೆಯೋ ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡ ಮಕ್ಕಳು ಹತ್ತಿ ಇಳಿಯುತ್ತಾರೆ. ಎಣ್ಣೆ ಹಣತೆಗಳನ್ನು ಒಳಗೆ ದೇವರ ಮುಂದೆ ಇಟ್ಟು, ಹೊರಗೆ ಬ್ಯಾಟರಿ ಹಣತೆ ಸಾಲಾಗಿ ಜೋಡಿಸಿದೆವು. ಅತ್ತೆ ಮುಖ ಸ್ವಲ್ಪ ಚಿಕ್ಕದಾಯಿತು, ಆದರೆ ಹಲ್ಲು ಕಿರಿಯೋ ಎರಡು ಕುಂಬಳಕಾಯಿ, ಮಧ್ಯೆ ರಂಗೋಲಿ, ಸುತ್ತ ದೀಪ, ಮೇಲೆ ಮಾವಿನೆಲೆ ತೋರಣ (ಪ್ಲಾಸ್ಟಿಕ್, ಇಂಡಿಯನ್ ಅಂಗಡಿಯದ್ದು), ಒಟ್ಟಾರೆ ನಮ್ಮ ಬಾಗಿಲು ಭರ್ಜರಿಯಾಗಿ ಕಂಡಿತು. ಇಲ್ಲಿ ಮನೆ ಮುಂದಿನ ಲೈಟ್ ಹಾಕಿದ್ದರೆ ಬನ್ನಿ ಅಂತ, ಆರಿಸಿದ್ದರೆ ಬರಬೇಡಿ ಅಂತ ಅರ್ಥ. ಅಮಾವಾಸ್ಯೆ ರಾತ್ರಿ, ಇಡೀ ಬೀದಿಯಲ್ಲಿ ಲೈಟು ಉರೀತಾ ಇದ್ದಿದ್ದು ಅತ್ತೆಗೆ ಬಹಳ ಖುಷಿ ಕೊಟ್ಟಿತು. "ಇವ್ರೂ ಹಬ್ಬ ಮಾಡ್ತಾರೆ ಹಂಗಾದ್ರೆ" ಅಂದರು. ನಾನು ಹೌದು ಅಂದೆ. ಸುಳ್ಳೇನಲ್ಲವಲ್ಲ.

ಕ್ಯಾಂಡಿ ಹಂಚೋಕೆ ಯಾರಾದರೂ ಮನೆಯಲ್ಲಿ ಇರಬೇಕು. ಅತ್ತೆ ತಾವೇ ಕೂರ್ತೀನಿ ಅಂದರು. ಆ ವರ್ಷ ಕೋಕೋ ಬೆಲೆ ಟನ್‌ಗೆ 10,000 ಡಾಲರ್ ದಾಟಿ ಹೋಗಿದ್ದರಿಂದ ಚಾಕ್ಲೇಟ್ ಚೀಲ ಮುಟ್ಟಿದರೆ ಕೈ ಸುಡ್ತಿತ್ತು, ಹಾಗಾಗಿ ಅರ್ಧ ಚಾಕ್ಲೇಟ್, ಅರ್ಧ ಹುಳಿಹುಳಿ ಕ್ಯಾಂಡಿ ಬೆರೆಸಿ ದೊಡ್ಡ ಸ್ಟೀಲ್ ಬೋಗುಣಿಗೆ ತುಂಬಿ ಕೊಟ್ಟೆ. ತಾವು ಮಾಡಿದ ಚಕ್ಕುಲಿಯನ್ನೂ ಕೊಡೋಣ ಅಂತ ಅವರ ಆಸೆ. ಇಲ್ಲಿ ಪ್ಯಾಕೆಟ್ ಒಡೆಯದ ವಸ್ತು ಬಿಟ್ಟು ಬೇರೇನು ಕೊಟ್ಟರೂ ತಾಯ್ತಂದೆಯರು ಕಸದ ಬುಟ್ಟಿಗೆ ಹಾಕ್ತಾರೆ ಅಂತ ಹೇಳಿ ತಡೆದೆ. ಅಂದರೂ ನಮ್ಮವರ ಮಕ್ಕಳು ಬಂದರೆ ಕೊಡೋಕೆ ಅಂತ ಡಬ್ಬ ಕುರ್ಚಿ ಕೆಳಗೆ ಇಟ್ಟುಕೊಂಡೇ ಕೂತರು. ರೇಷ್ಮೆ ಸೀರೆ, ಮೇಲೆ ಗಂಡನ ಚಳಿಗಾಲದ ಜಾಕೆಟ್, ಕಾಲಿಗೆ ಉಣ್ಣೆ ಕಾಲುಚೀಲ. ಯಾರೋ ಅದನ್ನೂ ಒಂದು ಕಾಸ್ಟ್ಯೂಮ್ ಅಂತ ತಿಳಿದು "ಲವ್ಲಿ!" ಅಂದರಂತೆ.

ಸೂರ್ಯ ಮುಳುಗೋದು ಆರು ಗಂಟೆ ಸುಮಾರಿಗೆ. ಅಷ್ಟೊತ್ತಿಗೆ ಹೊರಟೆವು. ಜಾಕೆಟ್ ಜಗಳ ಆಗಿಯೇ ಹೊರಟಿದ್ದು. ಅಮೆರಿಕದ ಪ್ರತೀ ಮನೆಯಲ್ಲೂ ಈ ಜಗಳ ಇದ್ದೇ ಇದೆ, ವೇಷದ ಮೇಲೆ ಜಾಕೆಟ್ ಹಾಕಿದರೆ ವೇಷ ಕಾಣಲ್ಲ, ಹಾಕದಿದ್ದರೆ ನೆಗಡಿ. ನರಕಾಸುರನಿಗೆ ಒಳಗೆ ಎರಡು ಥರ್ಮಲ್ ಹಾಕಿದ್ದರಿಂದ ಹೊಟ್ಟೆ ಮುಂದೆ ಬಂದು ಇನ್ನಷ್ಟು ರಾಕ್ಷಸನ ಹಾಗೆ ಕಂಡ.

ಮೊದಲನೇ ಮನೆಯಲ್ಲಿ ಹನ್ನೆರಡು ಅಡಿಯ ಅಸ್ಥಿಪಂಜರ. ಹೋಮ್ ಡಿಪೋದವರು 2020ರಲ್ಲಿ ಇದನ್ನು ಮಾರೋಕೆ ತಂದಾಗ 299 ಡಾಲರ್ ಇತ್ತು, ಈಗ ಎಲ್ಲ ಬಡಾವಣೆಯಲ್ಲೂ ಒಂದಾದರೂ ನಿಂತಿರುತ್ತೆ. ಇಡೋಕೆ ಜಾಗ ಇಲ್ಲದೆ ಡಿಸೆಂಬರ್‌ನಲ್ಲಿ ಅದಕ್ಕೇ ಸಾಂತಾ ಟೋಪಿ ಹಾಕಿ ನಿಲ್ಲಿಸುತ್ತಾರೆ. ಆ ಮನೆಯಾಕೆ ಮಗಳನ್ನು ಜೋಕ್ ಕೇಳಿದರು. ಅವಳು ಪೊರಕೆ ನೆಟ್ಟಗೆ ಹಿಡಿದು ಶುರು ಮಾಡಿದಳು. "ಮಾಟಗಾತಿಯರು ಪೊರಕೆ ಮೇಲೆ ಯಾಕೆ ಹಾರ್ತಾರೆ?" "ಗೊತ್ತಿಲ್ಲಪ್ಪ, ಯಾಕೆ?" "ವ್ಯಾಕ್ಯೂಮ್ ಕ್ಲೀನರ್ ವೈರ್ ಅಷ್ಟು ದೂರ ಬರಲ್ಲ." ಇದು ಈ ಊರಲ್ಲಿ ಎಲ್ಲರೂ ಕೇಳಿ ಕೇಳಿ ಸವೆದ ಜೋಕ್. ಆದರೂ ಆಕೆ ಮೊದಲ ಸಲ ಕೇಳಿದ ಹಾಗೆ ನಕ್ಕರು. ಹಾಗೆ ನಗೋದು ಈ ಸಂಜೆಯ ಶಿಷ್ಟಾಚಾರ, ನೂರನೇ ಸಲವಾದರೂ ನಗಲೇಬೇಕು.

ಮಗನ ಸರದಿ. ಅವನು ಜೋಕ್ ಕಲಿತಿದ್ದ, ಅಸ್ಥಿಪಂಜರದ ಬಗ್ಗೆ ಏನೋ, ಎದುರಿಗೇ ಹನ್ನೆರಡು ಅಡಿಯದ್ದು ನಿಂತಿದ್ದು ನೋಡಿ ಪೂರ್ತಿ ಮರೆತ. ಆಕೆ ಮೆಲ್ಲಗೆ "ನೀನು ಯಾರ ವೇಷ ಹಾಕಿದ್ದೀಯಪ್ಪ?" ಅಂತ ಕೇಳಿದರು. ಮಗ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳೋದಾದರೆ, "ನಾನು ನರಕಾಸುರ. ಇವತ್ತು ಬೆಳಗ್ಗೆ ತಾನೇ ಸತ್ತೆ."

ಒಂದು ಕ್ಷಣ ಮೌನ. ಆಮೇಲೆ ಆಕೆ ಬಾಗಿಲ ಚೌಕಟ್ಟು ಹಿಡಿದು ನಕ್ಕ ನಗು ಶಿಷ್ಟಾಚಾರದ್ದಲ್ಲ. ಗಂಡನನ್ನು ಕೂಗಿ ಕರೆದು ಇನ್ನೊಂದು ಸಲ ಹೇಳಿಸಿದರು. ಅಲ್ಲಿಗೆ ಮಗನಿಗೆ ತನ್ನ ಜೋಕ್ ಯಾವುದು ಅಂತ ಗೊತ್ತಾಯಿತು. ಎರಡನೇ ಮನೆಯಿಂದ ಅದಕ್ಕೆ ಆರ್ಭಟ ಸೇರಿತು, ಯಕ್ಷಗಾನದ ರಾಕ್ಷಸ ಪರದೆ ಹಿಂದಿನಿಂದ ಕೂಗ್ತಾನಲ್ಲ, ಹಾಗೆ "ಹಾಆಆ" ಅಂತ, ಅಜ್ಜಿ ಯೂಟ್ಯೂಬಿನಲ್ಲಿ ತೋರಿಸಿದ್ದು. ಮೂರನೇ ಮನೆಯಿಂದ ದೀಪಾವಳಿಯ ಕಥೆಯೂ ಸೇರಿತು.

ಬೀದಿ ತಿರುವಿನಲ್ಲಿ ವಯಸ್ಸಾದ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಹೆಚ್ಚು ಮಾತಾಡಿದ್ದು ಇಲ್ಲ, ಟಪಾಲು ಡಬ್ಬದ ಹತ್ತಿರ ಸಿಕ್ಕಾಗ ಹವಾಮಾನದ ಬಗ್ಗೆ ಎರಡು ಮಾತು, ಅಷ್ಟೇ. ಅವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮಗನ ಕಥೆ ಪೂರ್ತಿ ಕೇಳಿದರು. ಕೆಟ್ಟವನು ಸತ್ತಿದ್ದಕ್ಕೆ ಜನ ದೀಪ ಹಚ್ಚೋದಾ ಅಂತ ಕೇಳಿದರು. ಮಗ "ಹೌದು, ಆದರೆ ನಾನೇ ಕೇಳಿಕೊಂಡಿದ್ದು. ಸಾಯೋ ಮುಂಚೆ ವರ ಕೇಳಿದೆ, ಈ ದಿನ ಎಲ್ಲರೂ ದೀಪ ಹಚ್ಚಿ ಖುಷಿಯಾಗಿರಬೇಕು ಅಂತ" ಅಂದ. ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಗಂಭೀರವಾಗಿ, "ದಟ್ ಈಸ್ ವೆರಿ ಡೀಸೆಂಟ್ ಆಫ್ ಯೂ" ಅಂದು ದೊಡ್ಡ ಸೈಜಿನ ಹರ್ಷೀಸ್ ಬಾರ್ ಕೊಟ್ಟರು. ಫುಲ್ ಸೈಜ್! ಮಕ್ಕಳ ಲೋಕದಲ್ಲಿ ಇದು ಚಿಕ್ಕ ಸುದ್ದಿಯಲ್ಲ. ಹತ್ತು ನಿಮಿಷದಲ್ಲಿ ಆ ಕಡೆಯ ಬೀದಿಯ ಮಕ್ಕಳೆಲ್ಲ ಅವರ ಮನೆ ಮುಂದೆ ಸಾಲು ನಿಂತಿದ್ದರು. ಆ ಅಜ್ಜಿ ನಮ್ಮ ಅತ್ತೆಯನ್ನು ಚಹಾಕ್ಕೆ ಕಳಿಸು ಅಂತಲೂ ಹೇಳಿದ್ದಾರೆ. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡ್ತಾರೋ ನೋಡಬೇಕು.

ಇನ್ನೊಂದು ಮನೆ ಮುಂದೆ ನೀಲಿ ಹಸಿರು ಬಣ್ಣ ಬಳಿದ ಕುಂಬಳಕಾಯಿ ಇತ್ತು. ಇಲ್ಲಿ ತಿಂಡಿ ಅಲ್ಲದ ವಸ್ತುಗಳೂ ಸಿಗುತ್ತವೆ ಅಂತ ಅದರ ಅರ್ಥ. ಕಡಲೆಕಾಯಿ, ಹಾಲು ಇಂಥವು ಆಗದ ಮಕ್ಕಳಿಗಾಗಿ 2014ರಿಂದ ದೇಶದಾದ್ಯಂತ ಈ ಪದ್ಧತಿ ಹರಡಿದೆ. ಮಗಳ ಗೆಳತಿಯೊಬ್ಬಳಿಗೆ ಕಡಲೆಕಾಯಿ ಅಂದರೆ ಆಸ್ಪತ್ರೆಗೆ ಓಡೋಷ್ಟು ಅಲರ್ಜಿ. ಅವಳೂ ನಮ್ಮ ಜೊತೆ ಇದ್ದಳು, ಬೇರೆ ಮನೆಗಳಲ್ಲಿ ಸಿಕ್ಕಿದ್ದನ್ನು ಮುಟ್ಟೋಕೂ ಹಿಂಜರೀತಿದ್ದವಳು ಇಲ್ಲಿ ಕತ್ತಲಲ್ಲಿ ಹೊಳೆಯೋ ಬಳೆ ಎತ್ತಿಕೊಂಡು ಕುಣಿದಾಡಿದಳು.

ನನಗೆ ಬೇಜಾರಾಗೋದು ಹೊರಗೆ ಸುಮ್ನೆ ಬಟ್ಟಲು ಇಟ್ಟು "ದಯವಿಟ್ಟು ಎರಡು ಮಾತ್ರ ತಗೊಳ್ಳಿ" ಅಂತ ಚೀಟಿ ಅಂಟಿಸಿ ಒಳಗೆ ಟಿವಿ ನೋಡೋರನ್ನು ಕಂಡರೆ. ಅವರಿಗೂ ಚಿಕ್ಕ ಮಕ್ಕಳಿರಬಹುದು, ತಾವೇ ಸುತ್ತೋಕೆ ಹೋಗಿರಬಹುದು, ಅದು ಬೇರೆ ಮಾತು. ಆದರೆ ಒಳಗೆ ಇದ್ದೂ ಬಾಗಿಲು ತೆಗೆಯದಿದ್ದರೆ ಯಾತಕ್ಕೆ ಇದೆಲ್ಲ? ಅಂಗಡಿಯಿಂದ ನಾನೇ ಒಂದು ಚೀಲ ತಂದು ಮಕ್ಕಳ ಕೈಗೆ ಕೊಡಬಹುದಲ್ಲ. ಈಚೆಗೆ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಅಲ್ಲೇ ಕ್ಯಾಂಡಿ ಹಂಚೋದು ಜಾಸ್ತಿಯಾಗ್ತಿದೆ. ಬೀದಿಯೇ ಇಲ್ಲದ ಹಳ್ಳಿಗಾಡಿನವರಿಗೆ, ನಡೆಯೋಕೆ ಕಷ್ಟ ಇರೋ ಮಕ್ಕಳಿಗೆ ಅದು ಅನುಕೂಲ, ಒಪ್ಪುತ್ತೀನಿ. ನಮ್ಮಂಥ ಬಡಾವಣೆಗೆ ಅದು ಯಾಕೆ ಬೇಕು ಅಂತ ನನಗೆ ಅರ್ಥ ಆಗಲ್ಲ. ಬಟ್ಟಲಿಗೆ ಜೋಕ್ ಹೇಳೋಕಾಗುತ್ತಾ? ಮಗ ಒಂದು ಬಟ್ಟಲಿನ ಮುಂದೆ ನಿಂತು ಹೇಳಿಯೇ ಬಿಟ್ಟ ಅನ್ನಿ. ಬೆಲ್ ಒತ್ತಿದಾಗ ಮಾತಾಡೋ ಕ್ಯಾಮೆರಾದೊಳಗಿಂದ ಯಾರೋ ನಕ್ಕಿದ್ದು ಕೇಳಿಸಿತು.

ವೇಷ ಹಾಕದೆ ದಿಂಬಿನ ಕವರ್ ಹಿಡಿದು ಬರೋ ಹದಿಹರೆಯದ ಹುಡುಗರ ಬಗ್ಗೆ ಇಲ್ಲಿ ಪ್ರತೀ ವರ್ಷ ದೂರು ಇರುತ್ತೆ. ನನಗೇನೂ ಅನ್ನಿಸಲ್ಲ. ಅವರ ಜೋಕ್‌ಗಳೇ ಚೆನ್ನಾಗಿರುತ್ತವೆ.

ವಾಪಸ್ ಬಂದಾಗ ಎಂಟೂವರೆ ದಾಟಿತ್ತು. ನರಕಾಸುರನನ್ನು ಕೊನೆಯ ಎರಡು ಬೀದಿ ಗಂಡ ಹೆಗಲ ಮೇಲೆ ಹೊತ್ತು ತಂದ, ಕಿರೀಟ ಮಾಟಗಾತಿಯ ಪೊರಕೆಗೆ ಸಿಕ್ಕಿಸಿಕೊಂಡು ಬಂತು. ಮನೆ ಮುಂದೆ ಬಂದು ನೋಡಿದರೆ ಅತ್ತೆಯ ದರ್ಬಾರು. ಮೆಟ್ಟಿಲ ತುಂಬ ಮಕ್ಕಳು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಹಾಗಾಗಿ ಜೋಕ್ ಅರ್ಥ ಆಗ್ತಿರಲಿಲ್ಲ, ಅದಕ್ಕೆ ಅವರೇ ನಿಯಮ ಬದಲಾಯಿಸಿದ್ದರು. "ಸಾಂಗ್, ಸಾಂಗ್" ಅಂತ ಹೇಳಿ ಹಾಡು ಹೇಳಿಸ್ತಿದ್ದರು. ಒಂದು ಡೈನೋಸಾರು ಎಬಿಸಿಡಿ ಹಾಡಿತು. ಮೂರು ರಾಜಕುಮಾರಿಯರು ಸ್ಕೂಲಿನ ಹಾಡು ಹೇಳಿದರು. ಹಾಡೋಕೆ ನಾಚಿದವರಿಗೆ ಬರೀ ಒಂದು, ಹಾಡಿದವರಿಗೆ ಮುಷ್ಟಿ ತುಂಬ. ಪಕ್ಕದ ಬೀದಿಯ ತೆಲುಗು ಮಕ್ಕಳಿಗೆ ಚಕ್ಕುಲಿ ಸಿಕ್ಕಿತ್ತು, ಅದನ್ನು ನೋಡಿದ ಡೈನೋಸಾರು ತನಗೂ ಬೇಕು ಅಂತ ನಿಂತಿತ್ತು. ಅದರ ಅಪ್ಪನನ್ನು ಕೇಳಿ, ಕಡಲೆಕಾಯಿ ಇಲ್ಲ ಅಂತ ಖಾತ್ರಿ ಮಾಡಿ, ಒಂದು ಕೊಟ್ಟೆವು. ಅಪ್ಪ ಎರಡು ತಿಂದ.

ಆಮೇಲೆ ನಮ್ಮ ಮನೆಯ ಅತಿ ದೊಡ್ಡ ಕಾರ್ಯಕ್ರಮ, ಕ್ಯಾಂಡಿ ಆರಿಸೋದು. ಸಸ್ಯಾಹಾರಿ ಮನೆಗಳಲ್ಲಿ ಇದು ಎಷ್ಟು ದೊಡ್ಡ ಕೆಲಸ ಅಂತ ಬೇರೆಯವರಿಗೆ ಗೊತ್ತಾಗಲ್ಲ. ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಎರಡೂ ಚೀಲ ಸುರಿದೆವು. ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡೋ ಅಂಟು) ಇದ್ದದ್ದು ಒಂದು ಕಡೆ. ಇಲ್ಲಿನ ಸ್ಟಾರ್‌ಬರ್ಸ್ಟ್‌ನಲ್ಲಿ ಇದೆ, ಕರಡಿ ಆಕಾರದ ಗಮ್ಮಿಗಳಲ್ಲಿ ಇದೆ, ಮಾರ್ಷ್‌ಮೆಲ್ಲೋದಲ್ಲಿ ಇದೆ. ಸ್ಕಿಟಲ್ಸ್‌ನಲ್ಲಿ ಇಲ್ಲ, ಸವರ್ ಪ್ಯಾಚ್ ಕಿಡ್ಸ್‌ನಲ್ಲಿ ಇಲ್ಲ. ಚಿಕ್ಕ ಪ್ಯಾಕೆಟ್ ಮೇಲೆ ಏನೇನು ಹಾಕಿದ್ದಾರೆ ಅಂತ ಎಷ್ಟೋ ಸಲ ಬರೆದೇ ಇರಲ್ಲ, ಬರೆದಿದ್ದರೆ ಇರುವೆ ಕಾಲಿನಷ್ಟು ಅಕ್ಷರ. ಮಗಳು ಫೋನಿನಲ್ಲಿ ಫೋಟೋ ಹಿಡಿದು ದೊಡ್ಡದು ಮಾಡಿ ಜೋರಾಗಿ ಓದ್ತಾಳೆ, ಅವಳೇ ಈಗ ಈ ವಿಭಾಗದ ಮುಖ್ಯಸ್ಥೆ. ತಿನ್ನದವನ್ನೆಲ್ಲ ಬೇರೆ ಚೀಲಕ್ಕೆ ಹಾಕಿ ಗೆಳೆಯರ ಜೊತೆ ಅದಲುಬದಲು ಮಾಡಿಕೊಳ್ಳೋಕೆ ಇಟ್ಟಳು. ಉಳಿದಿದ್ದರಲ್ಲಿ ಅಕ್ಕ ತಮ್ಮನ ವ್ಯಾಪಾರ ಶುರುವಾಯಿತು. ಒಂದು ಟ್ವಿಕ್ಸ್‌ಗೆ ಎರಡು ಕಿಟ್‌ಕ್ಯಾಟ್. ಫುಲ್ ಸೈಜ್ ಹರ್ಷೀಸ್‌ಗೆ ಅವಳು ಏನು ಕೊಡ್ತೀನಿ ಅಂದರೂ ನರಕಾಸುರ ಒಪ್ಪಲಿಲ್ಲ. ಅದನ್ನು ಲಕ್ಷ್ಮಿ ಫೋಟೋ ಮುಂದೆ ಇಟ್ಟು, ನೈವೇದ್ಯ ಆಗಿದೆ, ಇನ್ನು ಯಾರೂ ಮುಟ್ಟಬಾರದು ಅಂದ.

ಇವತ್ತು ಬಲಿಪಾಡ್ಯಮಿ. ಊರಲ್ಲಿ ಗೋಪೂಜೆ, ಅಂಟಿಕೆ ಪಂಟಿಕೆಯ ಗದ್ದಲ. ಅತ್ತೆ ತಂಗಿಗೆ ವಿಡಿಯೋ ಕಾಲ್ ಮಾಡಿ ಆ ರಾತ್ರಿಯ ಕಥೆಯನ್ನೆಲ್ಲ ಸ್ವಲ್ಪ ಉಪ್ಪು ಖಾರ ಸೇರಿಸಿ ಹೇಳ್ತಾ ಇದ್ದರು. ಅಸ್ಥಿಪಂಜರ ಹದಿನೆಂಟು ಅಡಿ ಆಗಿತ್ತು. ಮಕ್ಕಳು ಜೋಕ್ ಹೇಳಬೇಕು ಅಂದಾಗ ಚಿಕ್ಕತ್ತೆ "ಎಂತ ಜೋಕು, ಒಂದು ಹೇಳೆ ಕಾಂಬ" ಅಂದರು. ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಜೋಕನ್ನು ಕನ್ನಡದಲ್ಲಿ ಪೂರ್ತಿ ಹೇಳಿದರು. ಆ ಕಡೆಯಿಂದ ನಗು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕತ್ತೆ, "ನಮ್ಮನೇದು ವೈರು ಉದ್ದ ಅದೆ ಅಕ್ಕ, ಅಂಗಳದವರೆಗೂ ಬರ್ತದೆ" ಅಂದರು.